ಹರಿಗೋಲು: ಬಾಡಿಗೆಗೋ, ಸ್ವಂತಕ್ಕೋ?

ಆಯುಧಪೂಜೆ ಮುಗಿದ ಮರುದಿನ ಅಕ್ಕನ ಮನೆಯಲ್ಲಿ ಒಂದು ಸಣ್ಣ ವಾದ ಎದ್ದಿತು. ತಾಳವಾಡಿ ಸೀಮೆಯ ನಾವು ರಾಗಿ, ಕೋಸು, ಆಲೂಗಡ್ಡೆ, ಬೆಳ್ಳುಳ್ಳಿಯ ಬೆಲೆ ಕುರಿತು ವಾದಿಸುವುದುಂಟು. ಆನೆ ತುಳಿದ ಬಾಳೆಯ ಪರಿಹಾರ ಕುರಿತು ವಾದಿಸುವುದುಂಟು. ದೋಣಿಯ ಕುರಿತು ವಾದಿಸಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಹನ್ನೆರಡನೆಯ ತರಗತಿ ಮುಗಿಸಿ ಎರಡು ವರ್ಷ ಅವರಿವರ ಹೊಲಗಳಲ್ಲಿ ದುಡಿದಿದ್ದ ಅಕ್ಕನ ಮಗನಿಗೆ, ಗಡಿಯಾಚೆ ಚಾಮರಾಜನಗರದ ಕಡೆ ಜಲಾಶಯದಲ್ಲಿ ಮೀನು ಹಿಡಿಯುವ ಪರವಾನಗಿ ಇರುವ ಹಿರಿಯರೊಬ್ಬರು ತಮ್ಮೊಡನೆ ಬರುವಂತೆ ಹೇಳಿದ್ದರು. ಬಲೆ ಅವರದು, ಹರಿಗೋಲು ಇವನು ತರಬೇಕು. ಅವನ ಮನಸ್ಸೆಲ್ಲ ಹೊಸ ಫೈಬರ್ ಹರಿಗೋಲಿನ ಮೇಲೆ. ಅದಕ್ಕೆ ಬೇಕಾದ ಹಣ ಮನೆಯಲ್ಲಿ ಇದ್ದದ್ದು ಒಂದೇ ರೂಪದಲ್ಲಿ: ಅಕ್ಕನ ಎರಡೆಳೆಯ ಸರ. ಆ ಸರವಾದರೋ, ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಮಗಳನ್ನು ಮುಂದೆ ಕಾಲೇಜಿಗೆ ಸೇರಿಸುವ ದಿನಕ್ಕೆಂದು ಎತ್ತಿಟ್ಟದ್ದು.

“ಸರ ಅಡವಿಟ್ಟು ಕೊಂಡುಬಿಡೋಣ ಮಾವಾ, ಒಂದೇ ಹಂಗಾಮಿಗೆ ಬಿಡಿಸಿಕೊಳ್ಳಬಹುದು” ಎಂದ ಅವನು ನನ್ನ ಮುಖ ನೋಡುತ್ತ. ಭಾವನವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, “ಬಾಡಿಗೆಗೆ ಸಿಗುವುದಿಲ್ಲವೆ?” ಎಂದು ಮಾತ್ರ ಕೇಳಿದರು.

ಈ ಪ್ರಶ್ನೆಯನ್ನು ಒಂದು ಮನೆಯ ಜಗಲಿಯಿಂದ ಪತ್ರಿಕೆಯ ಪುಟಕ್ಕೆ ತರಲು ಕಾರಣವಿದೆ. ಟಿಲ್ಲರ್, ಔಷಧ ಸಿಂಪಡಿಸುವ ಯಂತ್ರ, ಹೊಲಿಗೆ ಯಂತ್ರ, ಸರಕು ಸಾಗಿಸುವ ಸಣ್ಣ ವಾಹನ ಇವುಗಳ ಮುಂದೆಯೂ ನಮ್ಮ ಕುಟುಂಬಗಳು ಇದೇ ಪ್ರಶ್ನೆಯನ್ನು ಹಿಡಿದು ನಿಲ್ಲುತ್ತವೆ. ಆದರೆ ಹರಿಗೋಲಿನಲ್ಲಿ ಈ ಲೆಕ್ಕ ಬೇರೆಲ್ಲಕ್ಕಿಂತ ಬೇಗ ಬಯಲಾಗುತ್ತದೆ. ಏಕೆಂದರೆ ಅದು ಬೇಗ ಹಳೆಯದಾಗುವ ವಸ್ತು.

ಹರಿಗೋಲನ್ನು ತೆಪ್ಪವೆಂದೂ ಕರೆಯುವುದುಂಟು. ತಮಿಳಿನಲ್ಲಿ ಅದು ಪರಿಸಲ್. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಹೆಣೆದು, ಅಂಚಿಗೆ ದಬ್ಬೆಯ ಕಟ್ಟು ಬಿಗಿದು, ದೊಡ್ಡದೊಂದು ಮಂಕರಿಯಂತೆ ಮಾಡುತ್ತಾರೆ. ಹಿಂದೆ ಇದರ ಹೊರಮೈಗೆ ಎಮ್ಮೆಯ ಅಥವಾ ಎತ್ತಿನ ತೊಗಲನ್ನು ಹೊಲಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನೋ ಗೊಬ್ಬರದ ಚೀಲದಂಥ ಹೆಣೆದ ಹಾಳೆಯನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟನ್ನು ಹಿಡಿದು, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಅಂಬಿಗನು ಅದನ್ನು ನಡೆಸುತ್ತಾನೆ. ಕೈ ಪಳಗದವನು ಹಿಡಿದರೆ ಅದು ಇದ್ದಲ್ಲೇ ಸುತ್ತುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂಥವೇ ಬುಟ್ಟಿಯಾಕಾರದ, ತೊಗಲು ಹೊದಿಸಿದ ದೋಣಿಗಳನ್ನು ಕಂಡು, ಅವು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ಐದು ನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದೆ. ಸುತ್ತುವುದು ಹಾಗೆಯೇ ಇದೆ. ಹಂಪಿ, ತಲಕಾಡು, ಹೊಗೇನಕಲ್ಲುಗಳಿಗೆ ಶಾಲಾ ಪ್ರವಾಸ ಹೋದ ಮಕ್ಕಳು ಅದನ್ನು ನೋಡಿಯೇ ಇರುತ್ತಾರೆ.

ಕೊಳ್ಳುವುದು ಮತ್ತು ಇಟ್ಟುಕೊಳ್ಳುವುದು ಎರಡು ಬೇರೆ ವಿಷಯಗಳೆಂದು ತೋರಿಸುವ ಹಳೆಯ ವಿವರವೊಂದು ಗ್ರೀಕರ ಇತಿಹಾಸಕಾರ ಹೆರೊಡೊಟಸನ ಬರವಣಿಗೆಯಲ್ಲಿದೆ. ಯೂಫ್ರೆಟಿಸ್ ನದಿಯಲ್ಲಿ ಅರ್ಮೇನಿಯದ ಕಡೆಯಿಂದ ಬಾಬಿಲೋನಿಗೆ ಸರಕು ತರುವ ವ್ಯಾಪಾರಿಗಳು ತೊಗಲು ಹೊದಿಸಿದ ದುಂಡು ದೋಣಿಗಳಲ್ಲಿ ಬರುತ್ತಿದ್ದರಂತೆ. ಪ್ರತಿ ದೋಣಿಯಲ್ಲೂ ಒಂದಾದರೂ ಕತ್ತೆ. ಬಾಬಿಲೋನಿನಲ್ಲಿ ಸರಕು ಮಾರಿದ ಮೇಲೆ ದೋಣಿಯ ಕಡ್ಡಿಚೌಕಟ್ಟನ್ನೂ ಅಲ್ಲೇ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಮರಳುತ್ತಿದ್ದರು. ನದಿಯ ಸೆಳೆತಕ್ಕೆ ಎದುರಾಗಿ ಆ ದೋಣಿಯನ್ನು ನಡೆಸುವುದು ಆಗದ ಮಾತು. ಬೆಲೆ ಬಾಳುವ ಭಾಗ ಯಾವುದು, ಬಿಟ್ಟುಬಿಡಬಹುದಾದ ಭಾಗ ಯಾವುದು ಎಂಬುದನ್ನು ಆ ವ್ಯಾಪಾರಿಗಳು ಸರಿಯಾಗಿ ಅರಿತಿದ್ದರು. ಕತ್ತೆಯ ಅಭಿಪ್ರಾಯ ಏನಿತ್ತೋ ಹೆರೊಡೊಟಸ್ ಬರೆದಿಲ್ಲ.

ಈಗ ಅಕ್ಕನ ಮನೆಯ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕ ಮಾಡಿದವಳು ಒಂಬತ್ತನೆಯ ತರಗತಿಯ ಹುಡುಗಿ. ನಾನು ಪಕ್ಕದಲ್ಲಿ ಕುಳಿತಿದ್ದೆ ಅಷ್ಟೆ. ಇಲ್ಲಿರುವ ಬೆಲೆಗಳನ್ನು ಓದುಗರು ಪೇಟೆಯ ದರವೆಂದು ತಿಳಿಯಬಾರದು. ಲೆಕ್ಕದ ದಾರಿ ಕಾಣಲೆಂದು ಹಿಡಿದ ಅಂಕಿಗಳಿವು. ನಿಮ್ಮ ಕಡೆಯ ದರವನ್ನು ನೀವೇ ಕೂಡಿಸಿಕೊಳ್ಳಬೇಕು.

ಫೈಬರ್ ಹರಿಗೋಲಿನ ಬೆಲೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆರು ವರ್ಷ ಬಾಳಿ, ಕೊನೆಗೆ 2,000ಕ್ಕೆ ಮಾರಾಟವಾಗುತ್ತದೆ. ಹಾಗಾದರೆ ವರ್ಷಕ್ಕೆ ಸವೆಯುವುದು 3,000. ಬಿರುಕು ಮುಚ್ಚುವ ಖರ್ಚು ವರ್ಷಕ್ಕೆ 1,000. ಸರ ಅಡವಿಟ್ಟು ತಂದ ಹಣಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 2,000. ಒಟ್ಟು ವರ್ಷಕ್ಕೆ 6,000. ಅದೇ ಹರಿಗೋಲಿನ ಬಾಡಿಗೆ ದಿನಕ್ಕೆ 100 ಎಂದಾದರೆ, ವರ್ಷದಲ್ಲಿ 60 ದಿನಕ್ಕಿಂತ ಹೆಚ್ಚು ನೀರಿಗಿಳಿಯುವವನಿಗೆ ಕೊಳ್ಳುವುದು ಲಾಭ. ಕಡಿಮೆಯಾದರೆ ಬಾಡಿಗೆ ಲಾಭ.

ಬಿದಿರಿನದಾದರೆ? ಬೆಲೆ 8,000, ಬಾಳಿಕೆ ಎರಡು ವರ್ಷ, ಕೊನೆಗೆ ಒಲೆಗೆ. ವರ್ಷಕ್ಕೆ ಸವೆತ 4,000, ಹಾಳೆ, ಡಾಂಬರು ಸೇರಿ 1,500, ಬಡ್ಡಿ 800. ಒಟ್ಟು 6,300. “ಕಡಿಮೆ ಬೆಲೆಯದೇ ಹೆಚ್ಚು ದುಬಾರಿಯಾಯಿತಲ್ಲ!” ಎಂದು ಹುಡುಗಿ ಪೆನ್ಸಿಲು ಕಚ್ಚಿದಳು. ಆಗಲೇ ಅವಳ ಅಣ್ಣನಿಗೆ ಗೆದ್ದ ಸಂತೋಷ. ನೀರಿಗಿಳಿಯುವ ದಿನಗಳು ಖಂಡಿತ ಅರವತ್ತನ್ನು ಮೀರುತ್ತವೆಂದು ಅವನ ನಂಬಿಕೆ.

ಭಾವನವರು ಆಗ ಕೇಳಿದ ಪ್ರಶ್ನೆಯೇ ಈ ಲೇಖನದ ನಡುಗಂಬ. “ಕೆರೆಯಲ್ಲಿ ನೀರು ಎಷ್ಟು ದಿನ ಇರುತ್ತದೆ?”

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಬರುವ ಹೆದ್ದಾರಿಯಲ್ಲಿ ಓಡಾಡಿದವರಿಗೆ ಚಿಕ್ಕಹೊಳೆ ಮತ್ತು ಸುವರ್ಣಾವತಿ ಜಲಾಶಯಗಳು ಪರಿಚಿತ. ಅಲ್ಲಿಗೆ ಬರುವ ನೀರಿನಲ್ಲಿ ನಮ್ಮ ತಾಳವಾಡಿ, ದಿಂಬಂ ಬೆಟ್ಟಗಳ ಮೇಲೆ ಬೀಳುವ ಮಳೆಯ ಪಾಲು ದೊಡ್ಡದು. ಆ ಜಲಾಶಯಗಳು ಪ್ರತಿ ವರ್ಷವೂ ತುಂಬುವುದಿಲ್ಲ. ಹಿಂಗಾರು ಕೈಕೊಟ್ಟ ವರ್ಷ ನೆಲ ಬಿರಿದದ್ದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದಲೇ ನೋಡಿದ್ದೇವೆ. ಆದ್ದರಿಂದ ಹುಡುಗಿ ಲೆಕ್ಕವನ್ನು ಮತ್ತೆ ಬರೆದಳು. ಒಂದು ತುಂಬಿದ ವರ್ಷ 120 ದಿನ. ಒಂದು ನಡುವಣ ವರ್ಷ 60 ದಿನ. ಒಂದು ಬರದ ವರ್ಷ 10 ದಿನ. ಸರಾಸರಿ 63 ದಿನಕ್ಕೆ ಬಂತು. ಮೂರು ವರ್ಷ ಬಾಡಿಗೆ ಕೊಟ್ಟರೆ 19,000. ಫೈಬರ್ ಕೊಂಡರೆ 18,000. ಹೆಚ್ಚುಕಡಿಮೆ ಸಮ.

ಆದರೆ ಸರಾಸರಿ ಎಂಬುದು ಶಾಲೆಯ ಪಟ್ಟಿಯಲ್ಲಿ ಇರುತ್ತದೆ, ಮನೆಯ ಡಬ್ಬಿಯಲ್ಲಿ ಇರುವುದಿಲ್ಲ. ಬರದ ವರ್ಷ ಬಾಡಿಗೆಯವನು ಕೊಡುವುದು 1,000 ರೂಪಾಯಿ ಮಾತ್ರ. ಕೊಂಡವನಿಗೆ ಆ ವರ್ಷವೂ ಸವೆತ ತಪ್ಪದು, ಬಡ್ಡಿ ತಪ್ಪದು. ಅಂಗಡಿಯಲ್ಲಿರುವ ಸರಕ್ಕೆ ಮಳೆ ಬಾರದ ಸಂಗತಿ ತಿಳಿಯದು. ಬಾಡಿಗೆ ನಮ್ಮ ಗಳಿಕೆಯೊಡನೆ ಏರುತ್ತದೆ, ಅದರೊಡನೆ ಇಳಿಯುತ್ತದೆ. ಸಾಲ ಹಾಗಲ್ಲ. ಗಳಿಕೆ ನಿಂತ ತಿಂಗಳಲ್ಲೇ ಅದು ಬಾಗಿಲಿಗೆ ಬರುತ್ತದೆ. ಮಳೆಯನ್ನು ನಂಬಿದ ಬೆಟ್ಟದ ಕುಟುಂಬಗಳು ಇದನ್ನು ಬೆಳೆಸಾಲದಲ್ಲಿ ಕಲಿತಿವೆ. ಆದರೂ ಹೊಸ ವಸ್ತುವಿನ ಮುಂದೆ ನಿಂತಾಗ ಮರೆಯುತ್ತೇವೆ.

ಹಾಗೆಂದು ಬಾಡಿಗೆಯೇ ಸರಿ ಎಂದರೆ ಅದೂ ಅರ್ಧ ಮಾತಾದೀತು. ನೀರು ತುಂಬಿ, ಮೀನು ಚೆನ್ನಾಗಿ ಬೀಳುವ ದಿನಗಳಲ್ಲಿ ಹರಿಗೋಲು ಎಲ್ಲರಿಗೂ ಬೇಕು. ಅದರ ಒಡೆಯನಿಗೂ ಬೇಕು. “ಈ ದಿನ ಕೊಡಲಾಗದು” ಎಂಬ ಮಾತು ನಮ್ಮ ಕಿವಿಗೆ ಬೀಳುವುದು ಅಂಥ ದಿನಗಳಲ್ಲೇ. ಹತ್ತು ದಿನದ ಬಾಡಿಗೆ ಉಳಿಸಿದ್ದು ಒಂದು ಒಳ್ಳೆಯ ದಿನದ ಮೀನಿನಲ್ಲಿ ಕಳೆದುಹೋಗಬಹುದು. ಆದುದರಿಂದ ಬಾಡಿಗೆಗೆ ಹಿಡಿಯುವವರು ದಿನದ ಲೆಕ್ಕದಲ್ಲಿ ಹಿಡಿಯದೆ, ಇಡೀ ಹಂಗಾಮಿಗೆ ಮಾತಾಡಿಕೊಳ್ಳುವುದು ಮೇಲು. ತೂತು ಬಿದ್ದರೆ ಹಾಳೆ ಯಾರದು, ಡಾಂಬರು ಯಾರದು, ಅಂಚು ಮುರಿದರೆ ಯಾರ ಹೊಣೆ ಎಂಬುದನ್ನು ಇಬ್ಬರು ಹಿರಿಯರ ಮುಂದೆ ಮೊದಲೇ ಆಡಿ, ಒಂದು ಕಾಗದದಲ್ಲಿ ಬರೆದಿಡಬೇಕು. ನೆಂಟರ ನಡುವೆ ಕಾಗದವೇಕೆ ಎನ್ನುವವರು ನೆಂಟಸ್ತಿಕೆ ಕೆಟ್ಟದ್ದನ್ನು ಇನ್ನೂ ಕಂಡಿಲ್ಲವೆಂದೇ ನನ್ನ ಎಣಿಕೆ.

ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಹಕ್ಕಿನದು. ಜಲಾಶಯದಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು. ಸ್ವಂತ ಹರಿಗೋಲು ಇದ್ದ ಮಾತ್ರಕ್ಕೆ ನೀರು ಸ್ವಂತದ್ದಾಗದು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡಿನೊಳಗಣ ಹೊಳೆಗಳ ಮಾತಂತೂ ಬೇರೆಯೇ. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಬಿದಿರು ಕಡಿಯುವುದೂ ತಪ್ಪು, ಬಲೆ ಬೀಸುವುದೂ ತಪ್ಪು. 2017ರ ತಿದ್ದುಪಡಿಯ ಬಳಿಕ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ಆದ್ದರಿಂದ ಹಿತ್ತಲ ಮೆಳೆಯ ಬಿದಿರಿನಿಂದ ಹೆಣೆಯಲು ಅಡ್ಡಿಯಿಲ್ಲ, ಹೆಣೆಯುವ ಕೈ ಬೇಕು ಅಷ್ಟೆ. ಪರವಾನಗಿ ಪಡೆದ ಮೀನುಗಾರರಾದರೆ ಸಹಾಯಧನವನ್ನೂ ವಿಚಾರಿಸಬಹುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳಿಗೆ ಸಾಮಾನ್ಯವಾಗಿ ಘಟಕ ವೆಚ್ಚದ ಶೇಕಡ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಶೇಕಡ 60 ಸಹಾಯಧನ ನಿಗದಿಯಾಗಿತ್ತು. ಅಂಥ ನೆರವು ದೊರೆತರೆ ಮೇಲಿನ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. 20,000ದ ವಸ್ತು 12,000ಕ್ಕೆ ಬಂದಾಗ ಅರವತ್ತು ದಿನದ ಗಡಿ ನಲವತ್ತರ ಹತ್ತಿರಕ್ಕೆ ಇಳಿಯುತ್ತದೆ. ಗಡಿಯ ಮಕ್ಕಳಿಗೆ ಮಾತ್ರ ಒಂದು ತೊಡಕು: ವಾಸ ಒಂದು ರಾಜ್ಯದಲ್ಲಿ, ನೀರು ಇನ್ನೊಂದು ರಾಜ್ಯದಲ್ಲಿ. ಯಾವ ಕಚೇರಿಯಲ್ಲಿ ಅರ್ಜಿ ಕೊಡಬೇಕೆಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯುವುದು ಒಳಿತು.

ಮೀನಿನ ಮಾತು ಬಿಟ್ಟು ದಾಟುವ ಮಾತಿಗೆ ಬಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ನಮ್ಮ ತಲಮಲೈ ಬೆಟ್ಟದ ತೆಂಕಣ ಕಣಿವೆಯಲ್ಲಿ ಹರಿಯುವ ಮೋಯಾರಿನ ಆಚೆ ತೆಂಗುಮರಹಾಡ ಎಂಬ ಊರಿದೆ. ನೀಲಗಿರಿ ಜಿಲ್ಲೆಗೆ ಸೇರಿದ್ದರೂ ಭವಾನಿಸಾಗರದ ಕಡೆಯಿಂದ ಕಾಡಿನ ದಾರಿಯಲ್ಲಿ ಬಂದು, ಹೊಳೆ ದಾಟಿ ಊರು ಸೇರಬೇಕು. ಆ ಜನ ತಲೆಮಾರುಗಳಿಂದ ಹರಿಗೋಲನ್ನೇ ನೆಚ್ಚಿದ್ದಾರೆ. ಹೊಳೆ ಏರಿದರೆ ಶಾಲೆ, ಆಸ್ಪತ್ರೆ, ಸಂತೆ ಎಲ್ಲವೂ ಆಚೆ ದಡದಲ್ಲೇ ಉಳಿಯುತ್ತವೆ. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಬಳಿ ಭವಾನಿಸಾಗರದ ಹಿನ್ನೀರು ಏರಿದಾಗ ಗಾಂಧವಯಲ್ ಸೇತುವೆ ಮುಳುಗಿ, ಊರಿನವರು ದೋಣಿ ಹತ್ತಿದ ಕಾಲಗಳಿವೆ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ದೋಣಿಯನ್ನು ಮನೆಗೊಂದರಂತೆ ಕೊಳ್ಳಲಾಗದು; ಆ ಕೆಲವೇ ವಾರಗಳಲ್ಲಿ ದೋಣಿಯಿಲ್ಲದೆ ಬದುಕಲೂ ಆಗದು. ಇಂಥ ಕಡೆ ಬಾಡಿಗೆಯೂ ಅಲ್ಲದ, ಸ್ವಂತವೂ ಅಲ್ಲದ ಮೂರನೆಯ ದಾರಿ ಬೇಕು: ಊರಿನ ದೋಣಿ, ಊರೇ ನೇಮಿಸಿದ ಅಂಬಿಗ. ತಮಿಳುನಾಡಿನ ಎಷ್ಟೋ ಕಡೆ ಪರಿಸಲ್ ದಾಟುವ ರೇವನ್ನು ಸ್ಥಳೀಯ ಆಡಳಿತವೇ ಹರಾಜು ಹಾಕಿ ದರ ಗೊತ್ತುಮಾಡುವ ಪದ್ಧತಿ ಇದ್ದದ್ದು ಈ ಕಾರಣಕ್ಕೆ. ಮಕ್ಕಳು ಶಾಲೆಗೆ ದಾಟುವ ಹೊಳೆಯಲ್ಲಿ ದೋಣಿ ಯಾರದು ಎಂಬುದಕ್ಕಿಂತ, ಅದರ ತಳವನ್ನು ಈ ವರ್ಷ ನೋಡಿದವರು ಯಾರು ಎಂಬುದು ದೊಡ್ಡ ಪ್ರಶ್ನೆ.

ತಳ ನೋಡುವುದು ಕಷ್ಟದ ಕೆಲಸವಲ್ಲ. ನಡುಬಿಸಿಲಿನಲ್ಲಿ ಹರಿಗೋಲನ್ನು ಮಗುಚಿ ಹಾಕಿ, ಅದರಡಿಯಲ್ಲಿ ನುಸುಳಿ ಕುಳಿತು ಮೇಲೆ ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಬೆಳಕು ಕಾಣುತ್ತದೆ. ಅಂಚಿನ ಕಟ್ಟನ್ನು ಕೈಯಿಂದ ಒತ್ತಿದಾಗ ಪುಡಿ ಉದುರಿದರೆ ಹುಳು ಹಿಡಿದಿದೆ ಎಂದು ಅರ್ಥ. ಡಾಂಬರು ಪದರಪದರವಾಗಿ ದಪ್ಪಗಟ್ಟಿದ್ದರೆ ಅದು ಗಟ್ಟಿತನದ ಗುರುತಲ್ಲ, ಎಷ್ಟು ಬಾರಿ ತೇಪೆ ಹಾಕಿದ್ದಾರೆಂಬುದರ ಲೆಕ್ಕ. ಫೈಬರಿನದಾದರೆ ತಳದ ತಿರುವಿನಲ್ಲಿ ಕೂದಲೆಳೆಯ ಬಿರುಕು ಹುಡುಕಬೇಕು.

ಎಷ್ಟು ಜನ ಕೂರಬಹುದು ಎಂಬುದಕ್ಕೂ ಶಾಲೆಯ ಪಾಠವೇ ಸಾಕು. ತಳದ ಅಡ್ಡಳತೆ 2 ಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು 1 ಸೆಂಟಿಮೀಟರ್ ಮುಳುಗಿದಾಗ ಸುಮಾರು 31 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ 31 ಕಿಲೋ ಭಾರವನ್ನು ಹೊರುತ್ತದೆ. ಹರಿಗೋಲಿನದೇ 50 ಕಿಲೋ, ತಲಾ 60 ಕಿಲೋದ ನಾಲ್ವರು ಸೇರಿ 290 ಕಿಲೋ ಆದರೆ ಅದು ಮುಳುಗುವುದು 9 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಮಾತ್ರ. ಎಂಟು ಜನ ಕುಳಿತರೂ 17 ಸೆಂಟಿಮೀಟರ್. ಹಾಗಿದ್ದೂ ಅನಾಹುತಗಳು ಏಕೆ ಆಗುತ್ತವೆ? ಭಾರದಿಂದಲ್ಲ, ಭಾರ ಒಂದೇ ಬದಿಗೆ ಸರಿದಾಗ. ಫೋಟೋ ತೆಗೆಯಲು ಒಬ್ಬರು ಎದ್ದು, ಅವರನ್ನು ಹಿಡಿಯಲು ಇಬ್ಬರು ಎದ್ದು, ನಾಲ್ವರು ಒಂದೇ ಅಂಚಿಗೆ ವಾಲಿದಾಗ ನೀರು ಒಳಗೆ ಬರುತ್ತದೆ. ಹೊಗೇನಕಲ್ಲಿನಲ್ಲಿ ಕಾವೇರಿಯ ಹರಿವು ಹೆಚ್ಚಾದಾಗ ಜಿಲ್ಲಾಡಳಿತವು ಪರಿಸಲ್ ನಿಲ್ಲಿಸುವುದನ್ನು ಕಂಡು ಗೊಣಗುವ ಪ್ರವಾಸಿಗರಿದ್ದಾರೆ. ಆ ನೀರಿನಲ್ಲಿ ದಿನವೂ ದುಡಿಯುವ ಅಂಬಿಗರು ಮಾತ್ರ ಹೊಳೆಯ ಬಣ್ಣ ನೋಡಿಯೇ ಹುಟ್ಟು ಕೆಳಗಿಡುತ್ತಾರೆ.

ಆದ್ದರಿಂದ ಹರಿಗೋಲು ಬಾಡಿಗೆಯದಾದರೂ ತೇಲುವ ಜಾಕೆಟ್ ಸ್ವಂತದ್ದಿರಬೇಕೆಂದು ನಾನು ಅಳಿಯನಿಗೆ ಹೇಳಿದೆ. ಅದು ಮೈಯಳತೆಗೆ ಸರಿಯಾಗಿರಬೇಕಾದ ವಸ್ತು; ಪಟ್ಟಿ ಬಿಗಿಯಾಗದ ಎರವಲು ಜಾಕೆಟ್ಟು ನೀರಿನಲ್ಲಿ ತಲೆಯ ಮೇಲಿಂದ ಕಳಚಿಹೋಗುತ್ತದೆ. ಅವನು ಆಗಲೂ ಸರದ ಕಡೆಯೇ ಮನಸ್ಸಿಟ್ಟಿದ್ದ.

ಕೊನೆಗೆ ತೀರ್ಮಾನ ಕೊಟ್ಟವರು ನಾವು ಯಾರೂ ಅಲ್ಲ, ಅವನನ್ನು ಕರೆದಿದ್ದ ಆ ಹಿರಿಯ ಅಂಬಿಗರೇ. ಭಾವನವರೂ ನಾನೂ ಅವರನ್ನು ಕಾಣಲು ಹೋದಾಗ ಅವರು ದಡದ ಹುಣಸೆಮರದಡಿ ಹಳೆಯ ಹರಿಗೋಲೊಂದಕ್ಕೆ ಡಾಂಬರು ಬಳಿಯುತ್ತಿದ್ದರು. ಬಿಸಿ ಡಾಂಬರಿನ ಡಬ್ಬಿಗೆ ಬಟ್ಟೆ ಸುತ್ತಿದ ಕೋಲು ಅದ್ದಿ, ಒಂದು ಹನಿಯೂ ವ್ಯರ್ಥವಾಗದಂತೆ ಎಳೆಯುತ್ತಿದ್ದರು. ನಾವು ಬಂದ ವಿಷಯ ಕೇಳಿ ನಕ್ಕು, ಅಳಿಯನ ಕೈಗೆ ಆ ಕೋಲನ್ನೇ ಕೊಟ್ಟರು. “ಮಗಾ, ಇದನ್ನು ನೀನು ಬಳಿ. ಬಳಿಯಲು ಬಂದರೆ ಕೊಳ್ಳುವೆಯಂತೆ. ಬಾರದಿದ್ದರೆ ನೀನು ಕೊಂಡದ್ದೂ ನನ್ನ ಮನೆಬಾಗಿಲಿಗೇ ಬರುತ್ತದೆ, ಆಗ ನನ್ನ ಕೂಲಿ ಕೇಳಬೇಡ” ಎಂದರು. ಫೈಬರಿನ ಮಾತೆತ್ತಿದಾಗ ಅವರು ಅದನ್ನು ಜರೆಯಲಿಲ್ಲ. ಹಗುರ, ಕೊಳೆಯದು, ಒಳ್ಳೆಯದೇ ಎಂದರು. ಆದರೆ ಬಿಸಿಲಿಗೆ ಬಿಟ್ಟರೆ ಸೀಳುತ್ತದೆ, ರಾತ್ರಿ ದಡದಲ್ಲಿ ಬಿಟ್ಟರೆ ನೀರಿಗೆ ಬಂದ ಆನೆಯ ಕಾಲಿಗೆ ಸಿಗುತ್ತದೆ. ದಿನವೂ ಅದನ್ನು ಹೊತ್ತು ತಂದಿಡುವ ಜಾಗ ಮತ್ತು ಭುಜ ಎರಡೂ ಇವೆಯೇ ಎಂದು ಕೇಳಿದರು. ಜಾಗ ಇರಲಿಲ್ಲ. ನಮ್ಮ ಮನೆ ಗಡಿಯ ಈಚೆಗೆ.

ಆ ಹಂಗಾಮಿಗೆ ಅವರ ಹಳೆಯ ಹರಿಗೋಲನ್ನೇ ಬಾಡಿಗೆಗೆ ಹಿಡಿದದ್ದಾಯಿತು. ಹಾಳೆ, ಡಾಂಬರು ಅಳಿಯನದು. ಚೌಕಟ್ಟು ಮುರಿದರೆ ಅವರ ಹೊಣೆ. ಭಾವನವರು ಕಾಗದ ಬರೆಸಿದರು. ಜಾಕೆಟ್ ಕೊಳ್ಳಲು ಒಂದು ಮೂಟೆ ರಾಗಿ ಹೋಯಿತು. ಹುಡುಗಿ ತನ್ನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು, ಅಣ್ಣ ನೀರಿಗಿಳಿದ ದಿನಗಳನ್ನು ಗುರುತು ಹಾಕುತ್ತ ಬಂದಳು. ಮೊದಲ ವಾರ ಅವನು ಹರಿಗೋಲಿನೊಡನೆ ತಾನೂ ಸುತ್ತಿದ್ದೇ ಹೆಚ್ಚು. ದಡದ ಹುಡುಗರು ನಕ್ಕರಂತೆ. ಸಂಕ್ರಾಂತಿಯ ಹೊತ್ತಿಗೆ ನೇರವಾಗಿ ನಡೆಸಲು ಕಲಿತಿದ್ದ. ಬೇಸಗೆಯಲ್ಲಿ ನೀರು ಕೆಳಗಿಳಿದು ಹರಿಗೋಲನ್ನು ಮರದಡಿ ಮಗುಚಿದ ದಿನ ಅವಳು ಎಣಿಸಿದಾಗ ಐವತ್ತೆರಡು ಗೆರೆಗಳಿದ್ದವು.

ಈ ಸಲವೂ ಅವನು ಕೊಳ್ಳುವ ಮಾತೆತ್ತಿದ್ದಾನೆ. ಈಗ ಕೇಳುತ್ತಿರುವುದು ಹೊಸ ಫೈಬರನ್ನಲ್ಲ. ಹೆಣೆದ ಚೌಕಟ್ಟನ್ನು ಮಾತ್ರ ಕೊಂಡು ಮಿಕ್ಕದ್ದನ್ನು ತಾನೇ ಮಾಡಿಕೊಳ್ಳುವುದಾಗಿ ಹೇಳುತ್ತಾನೆ, ಅದೂ ಮೀನಿನ ಹಣದಲ್ಲಿ. ಭಾವನವರು ಇನ್ನೂ ಒಪ್ಪಿಲ್ಲ. ಹಿಂಗಾರು ಹೇಗೆ ಬರುತ್ತದೋ ನೋಡೋಣ ಎಂದಿದ್ದಾರೆ. ಸರ ಪೆಟ್ಟಿಗೆಯಲ್ಲಿದೆ. ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಾಳೆ.